ಹೆಡ್‌ಫೋನಿನಲ್ಲಿ ದನಿ ತಡವಾಗಿ ಬಂದರೆ: ಮನೆ ರೆಕಾರ್ಡಿಂಗಿಗೆ ಯಾವ ಇಂಟರ್‌ಫೇಸ್?

ಮೈಕು, ವಾದ್ಯಗಳ ಸದ್ದನ್ನು ಕಂಪ್ಯೂಟರಿಗೆ ಮುಟ್ಟಿಸುವ ಪೆಟ್ಟಿಗೆಗೆ ಆಡಿಯೊ ಇಂಟರ್‌ಫೇಸ್ ಅನ್ನುತ್ತಾರೆ. ಅದರ ಡಬ್ಬದ ಮೇಲೆ 24 ಬಿಟ್, 192 ಕಿಲೋಹರ್ಟ್ಜ್ ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಮೈಕಿನ ಮುಂದೆ ಹಾಡಿದ್ದು ಹೆಡ್‌ಫೋನಿಗೆ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು ಬಹುಪಾಲು ಡಬ್ಬಗಳ ಮೇಲೆ ಎಲ್ಲೂ ಇರುವುದಿಲ್ಲ. ಮನೆಯಲ್ಲಿ ರೆಕಾರ್ಡ್ ಮಾಡುವವರು ದಿನಾ ಒದ್ದಾಡುವುದು ಮಾತ್ರ ಈ ಎರಡನೆಯದರ ಜೊತೆಗೇ. ಅದನ್ನೇ ಲೇಟೆನ್ಸಿ ಅನ್ನುತ್ತಾರೆ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಿ: ರೆಕಾರ್ಡ್ ಮಾಡುವಾಗ ನಿಮ್ಮ ಸದ್ದು ನಿಮಗೆ ಯಾವ ದಾರಿಯಲ್ಲಿ ಕೇಳಿಸಬೇಕು? ದಾರಿ ಇರುವುದು ಮೂರೇ. ಮೈಕಿನಿಂದ ಬಂದದ್ದು ಕಂಪ್ಯೂಟರಿಗೆ ಹೋಗುವ ಮುಂಚೆಯೇ ನೇರವಾಗಿ ಹೆಡ್‌ಫೋನಿಗೆ ಹೋಗಬಹುದು. ಇದು ಡೈರೆಕ್ಟ್ ಮಾನಿಟರಿಂಗ್. ಕಂಪ್ಯೂಟರಿನೊಳಗೆ ಹೋಗಿ, ಪ್ಲಗ್‌ಇನ್‌ಗಳನ್ನು, ಅಂದರೆ ಸದ್ದಿಗೆ ಎಫೆಕ್ಟ್ ಹತ್ತಿಸುವ ಪುಟ್ಟ ಸಾಫ್ಟ್‌ವೇರುಗಳನ್ನು, ದಾಟಿ ತಿರುಗಿ ಬರಬಹುದು. ಇಲ್ಲವೇ ಇಂಟರ್‌ಫೇಸಿನೊಳಗೇ ಕೂತಿರುವ ಡಿಎಸ್‌ಪಿ, ಅಂದರೆ ಸದ್ದನ್ನು ಸಂಸ್ಕರಿಸುವ ಚಿಪ್ಪಿನಲ್ಲಿ ಎಫೆಕ್ಟ್ ಹತ್ತಿಸಿಕೊಂಡು ಬರಬಹುದು. ನಿಮ್ಮ ದಾರಿ ಯಾವುದೆಂದು ಗೊತ್ತಾದರೆ ಎಷ್ಟು ಖರ್ಚು ಮಾಡಬೇಕೆಂಬುದೂ ಹೆಚ್ಚುಕಡಿಮೆ ಗೊತ್ತಾದಂತೆಯೇ. ಹಾಡಲು ಮಾತ್ರ ಬೇಕಾದವರು ಗಿಟಾರಿನವರ ಸಲಹೆ ಕೇಳಿ ಎರಡು ಪಟ್ಟು ಖರ್ಚು ಮಾಡುವುದು, ಗಿಟಾರಿನವರು ಹಾಡುವವರ ಸಲಹೆ ಕೇಳಿ ಅಗ್ಗದ್ದು ತಂದು ತಿಂಗಳೊಳಗೆ ಮಾರುವುದು, ಎರಡೂ ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯನ್ನು ಚೆನ್ನಾಗಿ ಬೆಳೆಸಿವೆ.

ತಡ ಎಲ್ಲಿಂದ ಬರುತ್ತದೆ

ಕಂಪ್ಯೂಟರು ಸದ್ದನ್ನು ಹನಿಹನಿಯಾಗಿ ಎತ್ತಿಕೊಳ್ಳುವುದಿಲ್ಲ. ಒಂದು ಕಂತು ತುಂಬುವವರೆಗೆ ಕಾದು, ಆಮೇಲೆ ಒಟ್ಟಿಗೆ ಎತ್ತಿಕೊಳ್ಳುತ್ತದೆ. ಆ ಕಂತೇ ಬಫರ್. ಸದ್ದಿನ ಒಂದೊಂದು ಅಳತೆಯೂ ಒಂದು ಸ್ಯಾಂಪಲ್, ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಅನ್ನುವುದು ಸ್ಯಾಂಪಲ್ ರೇಟ್. ಬಫರಿನ ಸ್ಯಾಂಪಲ್ ಸಂಖ್ಯೆಯನ್ನು ಸ್ಯಾಂಪಲ್ ರೇಟಿನಿಂದ ಭಾಗಿಸಿದರೆ ಒಂದು ಕಂತಿನ ಸಮಯ ಸಿಗುತ್ತದೆ. 48 ಕಿಲೋಹರ್ಟ್ಜ್‌ನಲ್ಲಿ 64 ಸ್ಯಾಂಪಲ್ ಅಂದರೆ 1.33 ಮಿಲಿಸೆಕೆಂಡ್, 128 ಅಂದರೆ 2.67, 256 ಅಂದರೆ 5.33, 512 ಅಂದರೆ 10.67, 1024 ಅಂದರೆ 21.33.

ಇದು ಒಂದು ಕಡೆಯ ಲೆಕ್ಕ. ಒಳಗೆ ಬರುವಾಗ ಒಂದು ಬಫರ್, ಹೊರಗೆ ಹೋಗುವಾಗ ಇನ್ನೊಂದು. ಇದರ ಮೇಲೆ ಅನಲಾಗನ್ನು ಡಿಜಿಟಲ್ ಮಾಡುವ, ಡಿಜಿಟಲನ್ನು ಮತ್ತೆ ಅನಲಾಗ್ ಮಾಡುವ ಕನ್ವರ್ಟರುಗಳ ತಡ, ಇಂಟರ್‌ಫೇಸನ್ನು ಕಂಪ್ಯೂಟರಿನ ಜೊತೆ ಮಾತಾಡಿಸುವ ಸಾಫ್ಟ್‌ವೇರಾದ ಡ್ರೈವರು ತನ್ನ ಕ್ಷೇಮಕ್ಕೆಂದು ಸದ್ದಿಲ್ಲದೆ ಇಟ್ಟುಕೊಳ್ಳುವ ಹೆಚ್ಚುವರಿ ಬಫರಿನ ತಡ. ಹೀಗಾಗಿ 128ರ ಬಫರಿಗೆ ಲೆಕ್ಕದ ಪ್ರಕಾರ ಹೋಗಿಬರಲು 5.33 ಮಿಲಿಸೆಕೆಂಡ್ ಆದರೂ, ನಿಜವಾಗಿ ಅಳೆದಾಗ 8ರಿಂದ 10 ಬರುವುದು ಮಾಮೂಲು. ಒಂದೇ ಬಫರ್ ಇಟ್ಟ ಎರಡು ಇಂಟರ್‌ಫೇಸುಗಳ ನಡುವೆ ವ್ಯತ್ಯಾಸ ಹುಟ್ಟುವುದು ಆ ಗುಪ್ತ ಬಫರಿನಿಂದ. ಬೆಲೆಯ ವ್ಯತ್ಯಾಸದ ಒಂದು ಭಾಗವೂ ಅಲ್ಲಿಗೇ ಹೋಗುತ್ತದೆ: ಡ್ರೈವರ್ ಬರೆಯುವವರ ಸಂಬಳಕ್ಕೆ.

ಸ್ಯಾಂಪಲ್ ರೇಟ್ ಏರಿಸಿದರೆ ತಡ ಇಳಿಯುವುದು ಹೌದು. 96 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್ 1.33 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಆದರೆ ಪ್ರೊಸೆಸರಿನ ಮೇಲೆ ಹೊರೆ ಇಮ್ಮಡಿಯಾಗುತ್ತದೆ. 24 ಬಿಟ್‌ನ ಒಂದು ಮೋನೊ ಟ್ರ್ಯಾಕು 48ರಲ್ಲಿ ನಿಮಿಷಕ್ಕೆ 8.64 ಎಂಬಿ ತಿಂದರೆ 96ರಲ್ಲಿ 17.28 ಎಂಬಿ ತಿನ್ನುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ 96ಕ್ಕೆ ಏರಿಸಿ, ಪ್ರೊಸೆಸರ್ ಹೊರೆ ತಾಳದೆ ಪಟಪಟ ಸದ್ದು ಬಂತೆಂದು ಬಫರ್ ದೊಡ್ಡದು ಮಾಡಿದರೆ ಗಳಿಸಿದ್ದೆಲ್ಲ ಅಲ್ಲೇ ಹೋಯಿತು. ಮನೆಯ ಕೆಲಸಕ್ಕೆ 48 ಸಾಕು.

ಎಷ್ಟು ತಡ ಯಾರಿಗೆ ತೊಂದರೆ

ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಕಛೇರಿಯ ವೇದಿಕೆಯಲ್ಲಿ ಗಾಯಕರಿಂದ ಒಂದೂವರೆ ಮೀಟರ್ ದೂರ ಕೂತ ಮೃದಂಗದವರಿಗೆ ದನಿ 4 ಮಿಲಿಸೆಕೆಂಡಿಗೂ ಹೆಚ್ಚು ತಡವಾಗಿಯೇ ತಲುಪುತ್ತದೆ, ಲಯಕ್ಕೇನೂ ಆಗುವುದಿಲ್ಲ. ಆಂಪ್ಲಿಫೈಯರಿನಿಂದ ಮೂರು ಮೀಟರ್ ದೂರ ನಿಂತ ಗಿಟಾರಿಸ್ಟು 9 ಮಿಲಿಸೆಕೆಂಡಿನ ತಡದಲ್ಲೇ ನುಡಿಸುತ್ತಾನೆ. ಆದ್ದರಿಂದ ಆಂಪ್ ಸಿಮ್ಯುಲೇಟರಿನ, ಅಂದರೆ ಆಂಪ್ಲಿಫೈಯರನ್ನು ಅನುಕರಿಸುವ ಸಾಫ್ಟ್‌ವೇರಿನ ಮೂಲಕ ಗಿಟಾರ್ ನುಡಿಸುವವರಿಗೆ ಹೋಗಿಬರುವ ಒಟ್ಟು ತಡ 10ರ ಒಳಗಿದ್ದರೆ ಬಹುತೇಕ ಗೊತ್ತೇ ಆಗುವುದಿಲ್ಲ. 15 ದಾಟಿದರೆ ಬೆರಳು ಕೆಸರಿನಲ್ಲಿ ಹೂತ ಹಾಗೆ ಅನ್ನಿಸತೊಡಗುತ್ತದೆ.

ಹಾಡುವವರ ಕಥೆ ಬೇರೆ, ಅವರಿಗೆ 5 ಮಿಲಿಸೆಕೆಂಡೂ ಕಿರಿಕಿರಿಯೇ. ಯಾಕೆಂದರೆ ತಮ್ಮ ದನಿ ಅವರಿಗೆ ತಲೆಬುರುಡೆಯ ಮೂಳೆಯ ಮೂಲಕ ಆ ಕ್ಷಣವೇ ಕೇಳಿಸುತ್ತಿರುತ್ತದೆ. ಅದರ ಜೊತೆ ಹೆಡ್‌ಫೋನಿನಿಂದ 5 ಮಿಲಿಸೆಕೆಂಡ್ ತಡವಾದ ಅದೇ ದನಿ ಬೆರೆತಾಗ 100, 300, 500 ಹರ್ಟ್ಜ್‌ಗಳಲ್ಲಿ, ಹೀಗೆ 200 ಹರ್ಟ್ಜ್‌ಗೊಂದರಂತೆ ಮೇಲಿನವರೆಗೂ ದನಿ ಒಂದನ್ನೊಂದು ಕಡಿದುಹಾಕುತ್ತದೆ. ಕೇಳುವವರಿಗೆ ಇದು ತಡ ಅನ್ನಿಸುವುದಿಲ್ಲ, ದನಿ ಟೊಳ್ಳಾಗಿ, ಕೊಳವೆಯೊಳಗಿಂದ ಬಂದಂತೆ ಕೇಳುತ್ತದೆ. "ಮೈಕ್ ಸರಿ ಇಲ್ಲ" ಅಂತ ಮೈಕ್ ಬದಲಾಯಿಸುವವರಿದ್ದಾರೆ. ಹೆಡ್‌ಫೋನಿನ ಒಂದು ಕಿವಿಯನ್ನು ಸರಿಸಿ ಹಾಡುವ ಹಳೆಯ ಸ್ಟುಡಿಯೊ ಅಭ್ಯಾಸ ಇದಕ್ಕೆ ಅರ್ಧ ಪರಿಹಾರ. ಪೂರ್ತಿ ಪರಿಹಾರ ಡೈರೆಕ್ಟ್ ಮಾನಿಟರಿಂಗ್.

ಮಿಡಿ ಕೀಬೋರ್ಡಿನವರಿಗೆ ಒಂದು ರಿಯಾಯಿತಿ ಇದೆ. ಕೀಲಿ ಒತ್ತಿದ ಮಾಹಿತಿ ಮಾತ್ರ ಒಳಗೆ ಹೋಗುವುದರಿಂದ ಆಡಿಯೊದ ಒಳಬರುವ ಬಫರಿನ ತಡ ಅವರಿಗೆ ತಗಲುವುದಿಲ್ಲ. ಹೊರಹೋಗುವ ಒಂದು ಕಡೆಯದು ಸಾಕು. ಹಾಗಾಗಿ 256ರ ಬಫರಿನಲ್ಲೂ ಪಿಯಾನೊ ಆರಾಮವಾಗಿ ನುಡಿಸಬಹುದು. ಎಲೆಕ್ಟ್ರಾನಿಕ್ ಡ್ರಮ್ಮಿನವರು ಮಾತ್ರ 64ಕ್ಕೋ 128ಕ್ಕೋ ಇಳಿಸಬೇಕಾಗುತ್ತದೆ. ಕೋಲಿನ ಪೆಟ್ಟು ಕಿವಿಗೆ ನೇರ ಬೀಳುತ್ತಿರುತ್ತದೆ, ಪ್ಯಾಡಿನ ಮಾಡ್ಯೂಲ್ ಕೂಡ ತನ್ನದೊಂದಿಷ್ಟು ತಡ ಸೇರಿಸಿರುತ್ತದೆ.

ವೀಣೆ, ಪಿಟೀಲು, ಮೃದಂಗ, ಖಂಜಿರ ನುಡಿಸುವವರು ಲೇಟೆನ್ಸಿಗೆ ಹೆದರಬೇಕಾದ್ದೇ ಇಲ್ಲ. ವಾದ್ಯದ ಸದ್ದು ನೇರ ಕಿವಿಗೆ ಬರುತ್ತದೆ. ಹೆಡ್‌ಫೋನಿನಲ್ಲಿ ತಂಬೂರ, ತಾಳದ ಕ್ಲಿಕ್ ಅಥವಾ ಮೊದಲೇ ಹಾಡಿದ ಟ್ರ್ಯಾಕ್ ಕೇಳಿದರೆ ಸಾಕು, ತಮ್ಮದೇ ವಾದ್ಯದ ಮಾನಿಟರಿಂಗನ್ನು ಪೂರ್ತಿ ಆಫ್ ಮಾಡಬಹುದು. ಬಫರ್ 1024 ಇದ್ದರೂ ಅವರಿಗೆ ವ್ಯತ್ಯಾಸವಿಲ್ಲ. ಅವರು ನೋಡಿಕೊಳ್ಳಬೇಕಾದ್ದು ಬೇರೊಂದು ತಡವನ್ನು: ರೆಕಾರ್ಡಾದ ಟ್ರ್ಯಾಕ್ ಸಾಫ್ಟ್‌ವೇರಿನಲ್ಲಿ ಸರಿಯಾದ ಜಾಗಕ್ಕೆ ಕೂರುತ್ತಿದೆಯೇ ಅನ್ನುವುದನ್ನು. ಅದಕ್ಕೆ ಮುಂದೆ ಬರೋಣ.

ಒಂದನೇ ದಾರಿ: ಡೈರೆಕ್ಟ್ ಮಾನಿಟರಿಂಗ್

ಹಾಡುವವರಿಗೆ, ವಾಯ್ಸ್ ಓವರ್ ಮಾಡುವವರಿಗೆ, ಪಾಡ್‌ಕಾಸ್ಟಿನವರಿಗೆ ಇದೇ ದಾರಿ. ಅನಲಾಗ್ ಡೈರೆಕ್ಟ್ ಮಾನಿಟರಿಂಗಿನಲ್ಲಿ ತಡ ಅನ್ನುವುದು ಇಲ್ಲವೇ ಇಲ್ಲ. ಡಿಜಿಟಲ್ ಮಿಕ್ಸರ್ ಮೂಲಕ ಹೋಗುವ ಇಂಟರ್‌ಫೇಸುಗಳಲ್ಲೂ ಕನ್ವರ್ಟರಿನ ಒಂದೆರಡು ಮಿಲಿಸೆಕೆಂಡಷ್ಟೇ. ಐದಾರು ಸಾವಿರದ ಬೆಹ್ರಿಂಗರ್ ಯುಎಂಸಿ22ರಲ್ಲೂ ಇದು ಇದೆ. ಕಂಪ್ಯೂಟರ್ ಎಷ್ಟು ಹಳೆಯದಾದರೂ ಪರವಾಗಿಲ್ಲ. ಬಫರನ್ನು 512ಕ್ಕೆ ಇಟ್ಟು ನಿಶ್ಚಿಂತೆಯಿಂದ ಹಾಡಬಹುದು.

ಇಲ್ಲಿ ಹೋಲಿಸಿ ನೋಡಬೇಕಾದ್ದು ಸ್ವಿಚ್ ಇದೆಯೋ, ತಿರುಗಿಸುವ ಗುಂಡಿ ಇದೆಯೋ ಅನ್ನುವುದನ್ನು. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ, 2ಐ2, ಬೆಹ್ರಿಂಗರ್ ಯುಎಂಸಿ202ಎಚ್‌ಡಿ ಇವುಗಳಲ್ಲಿ ಆನ್ ಅಥವಾ ಆಫ್. ನಿಮ್ಮ ದನಿ ಮತ್ತು ಕರೋಕೆ ಟ್ರ್ಯಾಕಿನ ಸಮತೋಲ ಬೇಕೆಂದರೆ ಸಾಫ್ಟ್‌ವೇರಿನಲ್ಲಿ ಟ್ರ್ಯಾಕಿನ ಫೇಡರ್ ಇಳಿಸಬೇಕು. ಯುಎಂಸಿ204ಎಚ್‌ಡಿ, ಆಡಿಯಂಟ್ ಐಡಿ4, ಎಸ್‌ಎಸ್‌ಎಲ್ 2 ಇವುಗಳಲ್ಲಿ ಗುಂಡಿ ಇದೆ: ಒಂದು ಕಡೆ ತಿರುಗಿಸಿದರೆ ಮೈಕ್, ಇನ್ನೊಂದು ಕಡೆ ಕಂಪ್ಯೂಟರ್. ಒಬ್ಬರೇ ಕೂತು ಹಾಡಿಕೊಂಡು ತಾವೇ ರೆಕಾರ್ಡ್ ಒತ್ತುವವರಿಗೆ ಗುಂಡಿಯೇ ಮೇಲು. ಮೌಸ್ ಹಿಡಿದು ಫೇಡರ್ ಹುಡುಕುತ್ತಾ ಪಲ್ಲವಿ ಹಿಡಿಯಲು ಆಗುವುದಿಲ್ಲ.

ಎರಡು ಎಡವಟ್ಟು ಪದೇಪದೇ ಆಗುತ್ತವೆ. ಒಂದು, ದನಿ ಒಂದೇ ಕಿವಿಯಲ್ಲಿ ಕೇಳುವುದು. ಡೈರೆಕ್ಟ್ ಮಾನಿಟರ್ ಸ್ಟೀರಿಯೊದಲ್ಲಿದ್ದರೆ ಮೊದಲ ಇನ್‌ಪುಟ್ ಎಡಕ್ಕೆ, ಎರಡನೆಯದು ಬಲಕ್ಕೆ ಹೋಗುತ್ತದೆ. ಮೋನೊಗೆ ಹಾಕಿದರೆ ಎರಡೂ ಕಿವಿಗೆ ಬರುತ್ತದೆ. 2ಐ2ರಲ್ಲಿ ಅದೇ ಬಟನ್ನನ್ನು ಮತ್ತೆ ಒತ್ತಿದರೆ ಮೋನೊ, ಸ್ಟೀರಿಯೊ ಬದಲಾಗುತ್ತದೆ. ಎರಡು, ದನಿ ಜೋಡಿಯಾಗಿ ಕೇಳುವುದು. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಆನ್ ಆಗಿದೆ, ಸಾಫ್ಟ್‌ವೇರಿನ ಟ್ರ್ಯಾಕಿನಲ್ಲೂ ಮಾನಿಟರ್ ಆನ್ ಆಗಿದೆ. "ಹೊಸ ಇಂಟರ್‌ಫೇಸಿನಲ್ಲಿ ಎಕೋ ಬರ್ತಿದೆ" ಅನ್ನುವ ದೂರುಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಯಾವುದಾದರೂ ಒಂದನ್ನು ಆಫ್ ಮಾಡಿ.

ಡೈರೆಕ್ಟ್ ಮಾನಿಟರಿಂಗಿನ ನಿಜವಾದ ಕೊರತೆ ಒಂದೇ: ದನಿ ಒಣಗಿದ್ದಾಗಿರುತ್ತದೆ, ರಿವರ್ಬ್ ಅಂದರೆ ಕೋಣೆಯ ಗುಂಗಿನಂಥ ಪ್ರತಿಧ್ವನಿ ಇಲ್ಲ. ಒಣ ದನಿ ಕೇಳಿಕೊಂಡು ಭಾವಗೀತೆ ಹಾಡುವುದು ಎಂಥವರಿಗೂ ಕಷ್ಟ, ಶ್ರುತಿಯೂ ಸ್ವಲ್ಪ ಅಲುಗುತ್ತದೆ. ಇದಕ್ಕೆ ಹೊಸ ಇಂಟರ್‌ಫೇಸ್ ಕೊಳ್ಳುವ ಮೊದಲು ಈ ಉಪಾಯ ಮಾಡಿ ನೋಡಿ. ನೇರ ದನಿ ಡೈರೆಕ್ಟ್ ದಾರಿಯಲ್ಲೇ ಬರಲಿ. ಕಂಪ್ಯೂಟರಿನಿಂದ ರಿವರ್ಬ್ ಮಾತ್ರ ಬರಲಿ. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಾದರೆ ಹೀಗೆ:

1. ದನಿಯ ಟ್ರ್ಯಾಕನ್ನು ಆರ್ಮ್ (ರೆಕಾರ್ಡಿಗೆ ಸಿದ್ಧ) ಮಾಡಿ, ಮಾನಿಟರ್ ಆನ್ ಮಾಡಿ. ರೂಟಿಂಗ್ ಕಿಟಕಿ ತೆರೆದು ಮಾಸ್ಟರ್ ಸೆಂಡ್ ಗುರುತನ್ನು ತೆಗೆಯಿರಿ. ಈಗ ಒಣ ದನಿ ಕಂಪ್ಯೂಟರಿನಿಂದ ಬರುವುದಿಲ್ಲ.
2. ಹೊಸ ಟ್ರ್ಯಾಕ್ ಮಾಡಿ ಅದರಲ್ಲಿ ರೀಪರಿನದೇ ರಿವರ್ಬ್ ಪ್ಲಗ್‌ಇನ್ ರೀವರ್ಬೇಟ್ ಹಾಕಿ. ಡ್ರೈ ಸ್ಲೈಡರನ್ನು ಪೂರ್ತಿ ಕೆಳಕ್ಕೆ ಎಳೆಯಿರಿ, ವೆಟ್ ಮಾತ್ರ ಇರಲಿ.
3. ದನಿಯ ಟ್ರ್ಯಾಕಿನಿಂದ ಈ ಟ್ರ್ಯಾಕಿಗೆ ಒಂದು ಸೆಂಡ್ ಕೊಡಿ.
4. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಆನ್ ಮಾಡಿ ಹಾಡಿ.

ಬಫರ್ 512 ಇದ್ದರೆ ರಿವರ್ಬ್ 25 ಮಿಲಿಸೆಕೆಂಡ್ ಆಸುಪಾಸಿನಲ್ಲಿ ತಡವಾಗಿ ಬರುತ್ತದೆ. ಆ ತಡ ಇಲ್ಲಿ ತೊಂದರೆ ಕೊಡುವ ಬದಲು ಉಪಕಾರವನ್ನೇ ಮಾಡುತ್ತದೆ. ರಿವರ್ಬಿನಲ್ಲಿ ಪ್ರೀ ಡಿಲೇ ಅಂತ ಬೇಕೆಂದೇ ಇಡುವುದು ಅಷ್ಟನ್ನೇ. ರೆಕಾರ್ಡಾಗುವುದು ಒಣ ದನಿ ಮಾತ್ರ, ಮಿಕ್ಸ್ ಮಾಡುವಾಗ ರಿವರ್ಬನ್ನು ಬೇಕಾದಂತೆ ಬದಲಾಯಿಸಿಕೊಳ್ಳಬಹುದು. ಟ್ರ್ಯಾಕನ್ನು ವಾಪಸ್ ಕೇಳುವಾಗ ಮಾಸ್ಟರ್ ಸೆಂಡನ್ನು ಮತ್ತೆ ಹಾಕಲು ಮರೆಯಬೇಡಿ, ಇಲ್ಲವಾದರೆ ಹಾಡಿದವರು ಕಾಣೆಯಾಗಿ ಪ್ರತಿಧ್ವನಿ ಮಾತ್ರ ಉಳಿಯುತ್ತದೆ.

ಎರಡನೇ ದಾರಿ: ಕಂಪ್ಯೂಟರಿನ ಮೂಲಕ

ಆಂಪ್ ಸಿಮ್ಯುಲೇಟರ್, ಸಾಫ್ಟ್‌ವೇರ್ ವಾದ್ಯ, ಎಲೆಕ್ಟ್ರಾನಿಕ್ ಡ್ರಮ್ ಇದ್ದವರಿಗೆ ಬೇರೆ ದಾರಿಯಿಲ್ಲ. ಇಲ್ಲಿ ದುಡ್ಡು ಕೊಡುವುದು ಡ್ರೈವರಿಗೆ.

ವಿಂಡೋಸ್ ಬಳಸುವವರು ಎಸಿಯೊ ಡ್ರೈವರ್ ಬಗ್ಗೆ ತಿಳಿದಿರಬೇಕು. ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಈ ವ್ಯವಸ್ಥೆ ವಿಂಡೋಸಿನ ಮಿಕ್ಸರನ್ನು ಬದಿಗೊತ್ತಿ ಸಾಫ್ಟ್‌ವೇರನ್ನು ನೇರ ಇಂಟರ್‌ಫೇಸಿಗೆ ಜೋಡಿಸುತ್ತದೆ. ಕಂಪನಿ ತನ್ನದೇ ಎಸಿಯೊ ಡ್ರೈವರ್ ಕೊಡುತ್ತದೆಯೇ ಅನ್ನುವುದು ಮೊದಲ ಪರೀಕ್ಷೆ. ಬೆಹ್ರಿಂಗರ್ ಮನೆತನದಲ್ಲೇ ನೋಡಿ: ಯುಎಂಸಿ22ಕ್ಕೆ ತನ್ನದೇ ಎಸಿಯೊ ಡ್ರೈವರ್ ಇಲ್ಲ, ವಿಂಡೋಸಿನಲ್ಲಿ ಎಸಿಯೊ4ಆಲ್ ಹಾಕಿಕೊಳ್ಳಬೇಕು, ಯುಎಂಸಿ202ಎಚ್‌ಡಿಗೆ ಸ್ವಂತ ಡ್ರೈವರ್ ಇದೆ. ಎಸಿಯೊ4ಆಲ್ ಅನ್ನುವುದು ವಿಂಡೋಸಿನ ಮಾಮೂಲಿ ಡ್ರೈವರಿನ ಮೇಲೆ ಹೊದಿಸಿದ ಎಸಿಯೊ ಹೊದಿಕೆ. ಕೆಲಸ ಮಾಡುತ್ತದೆ, ಆದರೆ ಬಫರ್ ಇಳಿಸಿದಾಗ ಪಟಪಟ ಬೇಗ ಶುರುವಾಗುತ್ತದೆ. ಯುಎಂಸಿ22 16 ಬಿಟ್, 48 ಕಿಲೋಹರ್ಟ್ಜ್‌ಗೆ ನಿಲ್ಲುತ್ತದೆ ಅನ್ನುವುದಕ್ಕಿಂತ ಗಿಟಾರಿನವರಿಗೆ ಕಾಡುವುದು ಇದು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಆಂಪ್ ಸಿಮ್ ನುಡಿಸುವವರು 202ಎಚ್‌ಡಿಗಿಂತ ಕೆಳಗೆ ಇಳಿಯಬಾರದು ಅನ್ನುವುದು ನಮ್ಮ ಅಭಿಪ್ರಾಯ.

ಮ್ಯಾಕ್ ಇರುವವರಿಗೆ ಈ ಲೆಕ್ಕ ಬೇರೆ. ಕೋರ್ ಆಡಿಯೊ ವ್ಯವಸ್ಥೆ ಆಪರೇಟಿಂಗ್ ಸಿಸ್ಟಮಿನಲ್ಲೇ ಇದೆ, ಡ್ರೈವರ್ ಹಾಕದ ಅಗ್ಗದ ಇಂಟರ್‌ಫೇಸೂ ಸಣ್ಣ ಬಫರಿನಲ್ಲಿ ಓಡುತ್ತದೆ. ಎಂ1 ಮತ್ತು ಅದರ ನಂತರದ ಮ್ಯಾಕ್‌ಗಳಲ್ಲಿ 64 ಅಥವಾ 128ರ ಬಫರಿನಲ್ಲಿ ಕೆಲಸ ಮಾಡುವುದು ದೊಡ್ಡ ವಿಷಯವಲ್ಲ. ಲಿನಕ್ಸಿನವರು ಜ್ಯಾಕ್ ಅಥವಾ ಪೈಪ್‌ವೈರ್ ಅನ್ನುವ ಆಡಿಯೊ ವ್ಯವಸ್ಥೆಯೊಂದಿಗೆ, ಡ್ರೈವರ್ ಬೇಡದ ಕ್ಲಾಸ್ ಕಂಪ್ಲಯಂಟ್ ಇಂಟರ್‌ಫೇಸ್ ನೋಡಿಕೊಂಡರೆ ಸಾಕು.

ಡ್ರೈವರಿಗಾಗಿಯೇ ಹೆಸರು ಮಾಡಿದ್ದು ಎರಡು. ಇಪ್ಪತ್ತು ಸಾವಿರದ ಮೇಲಿನ ಮೋಟು ಎಂ2 ಬಗ್ಗೆ ಕಂಪನಿ ಹೇಳಿಕೊಳ್ಳುವುದು 96 ಕಿಲೋಹರ್ಟ್ಜ್, 32 ಸ್ಯಾಂಪಲ್ ಬಫರಿನಲ್ಲಿ ಹೋಗಿಬರಲು 2.5 ಮಿಲಿಸೆಕೆಂಡ್ ಅಂತ. ಆ ಸೆಟ್ಟಿಂಗಿನಲ್ಲಿ ನಿಮ್ಮ ಲ್ಯಾಪ್‌ಟಾಪ್ ತಡೆದುಕೊಳ್ಳುತ್ತದೆಯೇ ಅನ್ನುವುದು ಬೇರೆ ಮಾತು. ಆದರೆ ತನ್ನ ಹೋಗಿಬರುವ ಲೇಟೆನ್ಸಿಯನ್ನು ಸಂಖ್ಯೆಯಲ್ಲಿ ಹೇಳುವ ಧೈರ್ಯ ಆ ಬೆಲೆಯಲ್ಲಿ ಕಡಿಮೆ ಕಂಪನಿಗಳಿಗಿದೆ. ಇನ್ನೊಂದು ಆರ್‌ಎಂಇ. ಬೇಬಿಫೇಸ್ ಪ್ರೊ ಎಫ್‌ಎಸ್ ಲಕ್ಷದ ಹತ್ತಿರ ಹೋಗುತ್ತದೆ. ಡ್ರೈವರನ್ನು ವರ್ಷಗಟ್ಟಲೆ ಕೈಬಿಡದೆ ನೋಡಿಕೊಳ್ಳುವುದಕ್ಕೆ ಆ ಕಂಪನಿಗೆ ಒಳ್ಳೆಯ ಹೆಸರಿದೆ. ಮನೆಯ ಸಂಗೀತಕ್ಕೆ ಅಗತ್ಯವೇ ಅಂದರೆ, ಇಲ್ಲ. ಇದೇ ವೃತ್ತಿಯಾದವರು ಯೋಚಿಸಬಹುದು. ಬಹುಪಾಲು ಜನ ಕೊಳ್ಳುವುದು ಸ್ಕಾರ್ಲೆಟ್ 2ಐ2. ಸ್ವಂತ ಎಸಿಯೊ ಡ್ರೈವರ್ ಇದೆ, ಗಿಟಾರಿಗೆ 128ರ ಬಫರಿನಲ್ಲಿ ಸಮಾಧಾನಕರ.

ಕಂಪ್ಯೂಟರಿಗೆ ಜೋಡಿಸುವುದು ಯುಎಸ್‌ಬಿಯಲ್ಲೋ ಥಂಡರ್‌ಬೋಲ್ಟಿನಲ್ಲೋ ಅನ್ನುವ ಚರ್ಚೆಗೆ ಬೇಕಾದ್ದಕ್ಕಿಂತ ಹೆಚ್ಚು ಬೆಲೆ ಕೊಡುತ್ತಾರೆ. 24 ಬಿಟ್, 48 ಕಿಲೋಹರ್ಟ್ಜ್‌ನ ಒಂದು ಚಾನೆಲ್‌ಗೆ ಬೇಕಾದ್ದು ಸೆಕೆಂಡಿಗೆ 1.15 ಮೆಗಾಬಿಟ್, ಯುಎಸ್‌ಬಿ 2.0ರ ಸಾಮರ್ಥ್ಯ 480 ಮೆಗಾಬಿಟ್. ಎರಡು ಚಾನೆಲ್ಲಿನ ಇಂಟರ್‌ಫೇಸಿಗೆ ರಸ್ತೆ ಖಾಲಿಯೇ ಇದೆ. ಟೈಪ್ ಸಿ ಪೋರ್ಟ್ ಇದ್ದಾಕ್ಷಣ ವೇಗ ಹೆಚ್ಚು ಅಂತಲೂ ಅಲ್ಲ. ಟೈಪ್ ಸಿ ಇರುವ ಎಷ್ಟೋ ಇಂಟರ್‌ಫೇಸುಗಳು ಒಳಗೆ ಯುಎಸ್‌ಬಿ 2.0 ಆಗಿಯೇ ಇವೆ, ಅದರಲ್ಲಿ ಮೋಸವೂ ಇಲ್ಲ.

ಮೂರನೇ ದಾರಿ: ಡಿಎಸ್‌ಪಿ ಇರುವ ಇಂಟರ್‌ಫೇಸ್

ಎಫೆಕ್ಟೂ ಬೇಕು, ತಡವೂ ಬೇಡ, ಕಂಪ್ಯೂಟರಿನ ಜೊತೆ ಗುದ್ದಾಟವೂ ಬೇಡ ಅನ್ನುವವರಿಗೆ. ಸ್ಟೈನ್‌ಬರ್ಗ್ ಯುಆರ್22ಸಿ ಈ ಗುಂಪಿನಲ್ಲಿ ಕೈಗೆಟುಕುವಂಥದ್ದು. ರಿವರ್ಬ್, ಕಂಪ್ರೆಸರ್ ಇರುವ ಚಾನೆಲ್ ಸ್ಟ್ರಿಪ್, ಗಿಟಾರ್ ಆಂಪ್, ಇವೆಲ್ಲ ಇಂಟರ್‌ಫೇಸಿನ ಚಿಪ್ಪಿನಲ್ಲೇ ಓಡುತ್ತವೆ. ಹೆಸರು ಹತ್ತಿರವಿರುವ ಯುಆರ್22 ಎಂಕೆ2ನಲ್ಲಿ ಈ ಚಿಪ್ ಇಲ್ಲ, ಅದರಲ್ಲಿರುವುದು ಮಿಕ್ಸ್ ಗುಂಡಿ ಮಾತ್ರ. ಆನ್‌ಲೈನಿನಲ್ಲಿ ಕೊಳ್ಳುವಾಗ ಈ ಒಂದು ಅಕ್ಷರ ನೋಡಿಕೊಳ್ಳಿ.

ಯೂನಿವರ್ಸಲ್ ಆಡಿಯೊದ ಅಪೊಲೊ ಸರಣಿ ಇದೇ ತತ್ತ್ವದ ದುಬಾರಿ ರೂಪ. ಅದೇ ಕಂಪನಿಯ ವೋಲ್ಟ್ ಸರಣಿಯಲ್ಲಿ ಅಪೊಲೊ ತರಹ ಪ್ಲಗ್‌ಇನ್ ಓಡಿಸುವ ಡಿಎಸ್‌ಪಿ ಇಲ್ಲ, ಹೆಸರು ನೋಡಿ ಗೊಂದಲ ಬೇಡ. ಅಪೊಲೊಗಳಲ್ಲಿ ಥಂಡರ್‌ಬೋಲ್ಟಿನವು ಇವೆ, ವಿಂಡೋಸಿಗೆ ಮಾತ್ರ ಮಾಡಿದ ಯುಎಸ್‌ಬಿಯವೂ ಇವೆ. ವಿಂಡೋಸ್ ಲ್ಯಾಪ್‌ಟಾಪಿನ ಟೈಪ್ ಸಿ ಪೋರ್ಟಿನ ಪಕ್ಕ ಮಿಂಚಿನ ಗುರುತು ಇಲ್ಲದಿದ್ದರೆ ಥಂಡರ್‌ಬೋಲ್ಟ್ ಮಾದರಿ ತಂದು ಮನೆಯಲ್ಲಿ ಅಲಂಕಾರಕ್ಕೆ ಇಡಬೇಕಾದೀತು.

ಡಿಎಸ್‌ಪಿಯ ಮಿತಿ: ಆ ಚಿಪ್ಪಿನಲ್ಲಿ ಕಂಪನಿ ಕೊಟ್ಟ ಎಫೆಕ್ಟುಗಳು ಮಾತ್ರ ಓಡುತ್ತವೆ. ನೀವು ಇಷ್ಟಪಟ್ಟು ಕೊಂಡ ಆಂಪ್ ಸಿಮ್ ಪ್ಲಗ್‌ಇನ್ ಮತ್ತೆ ಎರಡನೇ ದಾರಿಗೇ ಬರಬೇಕು.

ಯುಎಸ್‌ಬಿ ಮೈಕ್, ಬ್ಲೂಟೂತ್, ಫೋನು

ಬ್ಲೂ ಯೇತಿಯಂಥ ಯುಎಸ್‌ಬಿ ಮೈಕಿನಲ್ಲಿ ಹೆಡ್‌ಫೋನ್ ಜ್ಯಾಕ್ ಇದೆ, ಒಂದು ದನಿಗೆ ತಡವಿಲ್ಲದೆ ಕೇಳಬಹುದು. ಮುಂದೆ ತಬಲಕ್ಕೆ ಇನ್ನೊಂದು ಮೈಕ್ ಬೇಕೆಂದಾಗ ಅಲ್ಲಿಗೆ ನಿಂತಿತು. ವಿಂಡೋಸಿನಲ್ಲಿ ಎಸಿಯೊ ಒಂದು ಹೊತ್ತಿಗೆ ಒಂದೇ ಸಾಧನವನ್ನು ನೋಡುತ್ತದೆ. ಬ್ಲೂಟೂತ್ ಹೆಡ್‌ಫೋನಿಗೆ ಇಲ್ಲಿ ಜಾಗವಿಲ್ಲ. ಸಾಮಾನ್ಯ ಕೊಡೆಕ್‌ಗಳಲ್ಲಿ ತಡ ನೂರಾರು ಮಿಲಿಸೆಕೆಂಡ್. ತಂತಿಯ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ತನ್ನಿ. ಐಫೋನ್, ಐಪ್ಯಾಡುಗಳು ಸಣ್ಣ ಬಫರಿನಲ್ಲಿ ಚೆನ್ನಾಗಿ ಓಡುತ್ತವೆ. ಆಂಡ್ರಾಯ್ಡ್‌ನಲ್ಲಿ ಫೋನಿನಿಂದ ಫೋನಿಗೆ ಬದಲಾಗುತ್ತದೆ, ಡೈರೆಕ್ಟ್ ಮಾನಿಟರಿಂಗ್ ನೆಚ್ಚಿಕೊಳ್ಳಿ.

ಕರೋಕೆಯನ್ನು ಒಂದು ಫೋನಿನಲ್ಲಿ ಹಾಕಿ, ದನಿಯನ್ನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಎರಡನ್ನೂ ಹೊಂದಿಸಲು ಕೂರುವವರು ಇನ್ನೂ ಇದ್ದಾರೆ. ಅದು ಯಾವ ಇಂಟರ್‌ಫೇಸಿನಿಂದಲೂ ಸರಿಯಾಗದ ತಡ. ಕರೋಕೆಯ ಫೈಲನ್ನು ಸಾಫ್ಟ್‌ವೇರಿನ ಟ್ರ್ಯಾಕಿಗೇ ಎಳೆದು ಹಾಕಿ, ಅಲ್ಲಿಂದಲೇ ಕೇಳುತ್ತಾ ಹಾಡಿ.

ಕೊಂಡ ಮೇಲೆ ಅಳೆಯುವುದು

ರೆಕಾರ್ಡಿಂಗ್ ಸಾಫ್ಟ್‌ವೇರ್ ಡ್ರೈವರನ್ನು "ನಿನ್ನ ತಡ ಎಷ್ಟು?" ಅಂತ ಕೇಳಿ, ಅಷ್ಟು ಹಿಂದಕ್ಕೆ ಸರಿಸಿ ಟ್ರ್ಯಾಕನ್ನು ಕೂರಿಸುತ್ತದೆ. ಡ್ರೈವರ್ ತಪ್ಪು ಲೆಕ್ಕ ಹೇಳಿದರೆ ಪ್ರತಿ ಟ್ರ್ಯಾಕೂ ಅಷ್ಟಷ್ಟು ಆಚೀಚೆ ಕೂರುತ್ತದೆ. ಮೃದಂಗ ನುಡಿಸಿದವರಿಗೆ "ನಾನು ತಾಳ ತಪ್ಪಿಲ್ಲವಲ್ಲ" ಅನ್ನಿಸುವುದು ಇಲ್ಲಿ. ಇದನ್ನು ಕಂಡುಹಿಡಿಯುವುದಕ್ಕೆ ಲೂಪ್‌ಬ್ಯಾಕ್ ಪರೀಕ್ಷೆ ಅನ್ನುತ್ತಾರೆ. ಅದಕ್ಕೆ ಹತ್ತು ನಿಮಿಷ ಸಾಕು, ಒಂದು ಕಾಲಿಂಚಿನ ಟಿಆರ್‌ಎಸ್ ಕೇಬಲ್ ಬೇಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಪಿನ್ನಿನಲ್ಲಿ ಎರಡು ಕಪ್ಪು ಉಂಗುರ ಇರುವುದನ್ನು ಕೇಳಿ ತನ್ನಿ.

ಇಂಟರ್‌ಫೇಸಿನ ಲೈನ್ ಔಟ್ ಒಂದರಿಂದ ಇನ್‌ಪುಟ್ ಎರಡಕ್ಕೆ ಕೇಬಲ್ ಹಾಕಿ. ಇನ್‌ಪುಟ್ ಲೈನ್‌ನಲ್ಲಿರಲಿ, ಇನ್‌ಸ್ಟ್ರುಮೆಂಟಿನಲ್ಲಿ ಬೇಡ. ಡೈರೆಕ್ಟ್ ಮಾನಿಟರನ್ನೂ ಸಾಫ್ಟ್‌ವೇರಿನ ಮಾನಿಟರನ್ನೂ ಆಫ್ ಮಾಡಿ, ಇಲ್ಲದಿದ್ದರೆ ಸದ್ದು ಸುತ್ತು ಹಾಕಿಕೊಂಡು ಕಿರುಚತೊಡಗುತ್ತದೆ. ಹೆಡ್‌ಫೋನನ್ನು ಕಿವಿಯಿಂದ ತೆಗೆದಿಡಿ. ಒಂದು ಟ್ರ್ಯಾಕಿನಲ್ಲಿ ಚೂಪಾದ ಕ್ಲಿಕ್ ಹಾಕಿ ನುಡಿಸುತ್ತಾ ಇನ್ನೊಂದರಲ್ಲಿ ರೆಕಾರ್ಡ್ ಮಾಡಿ. ನಂತರ ಎರಡೂ ಕ್ಲಿಕ್ಕುಗಳ ಅಂಚು ಕಾಣುವವರೆಗೆ ಜೂಮ್ ಮಾಡಿ ನಡುವಿನ ಸ್ಯಾಂಪಲ್ ಎಣಿಸಿ. 48 ಕಿಲೋಹರ್ಟ್ಜ್‌ನಲ್ಲಿ 48 ಸ್ಯಾಂಪಲ್ ಅಂದರೆ ಒಂದು ಮಿಲಿಸೆಕೆಂಡ್. ಹತ್ತಿಪ್ಪತ್ತು ಸ್ಯಾಂಪಲ್ ವ್ಯತ್ಯಾಸವಿದ್ದರೆ ಬಿಟ್ಟುಬಿಡಿ. 240 ಬಂದರೆ 5 ಮಿಲಿಸೆಕೆಂಡ್, ಸರಿಪಡಿಸಲೇಬೇಕು. ರೀಪರಿನಲ್ಲಿ ಪ್ರಿಫರೆನ್ಸಸ್, ಆಡಿಯೊ, ರೆಕಾರ್ಡಿಂಗ್ ಪುಟದಲ್ಲಿ ಡ್ರೈವರ್ ಹೇಳುವ ಲೇಟೆನ್ಸಿ ಬಳಸುವ ಗುರುತಿನ ಕೆಳಗೇ ಮ್ಯಾನ್ಯುವಲ್ ಆಫ್‌ಸೆಟ್ ಇದೆ, ಆ ಸಂಖ್ಯೆಯನ್ನು ಅಲ್ಲಿ ಹಾಕಿ ಪರೀಕ್ಷೆಯನ್ನು ಮತ್ತೆ ಮಾಡಿ. ಏಬಲ್ಟನ್ ಲೈವ್‌ನಲ್ಲಿ ಡ್ರೈವರ್ ಎರರ್ ಕಾಂಪೆನ್ಸೇಷನ್, ಲಾಜಿಕ್‌ನಲ್ಲಿ ರೆಕಾರ್ಡಿಂಗ್ ಡಿಲೇ ಅಂತ ಇರುತ್ತದೆ.

ಪಟಪಟ ಸದ್ದು ಬಂದರೆ

ಬಫರ್ ಇಳಿಸಿದಾಗ ಬಿರುಕು ಸದ್ದು ಬಂದರೆ ಇಂಟರ್‌ಫೇಸನ್ನು ಬೈಯುವ ಮೊದಲು ಲ್ಯಾಪ್‌ಟಾಪನ್ನು ನೋಡಿ. ಲೇಟೆನ್ಸಿಮಾನ್ ಅನ್ನುವ ಪ್ರೋಗ್ರಾಮನ್ನು ಹತ್ತು ನಿಮಿಷ ಓಡಿಸಿದರೆ ಯಾವ ಡ್ರೈವರು ಪ್ರೊಸೆಸರನ್ನು ತಡೆದು ನಿಲ್ಲಿಸುತ್ತಿದೆ ಅಂತ ಹೆಸರು ಸಮೇತ ತೋರಿಸುತ್ತದೆ. ಬಹಳ ಸಲ ಅದು ವೈಫೈ ಡ್ರೈವರ್. ರೆಕಾರ್ಡ್ ಮಾಡುವಷ್ಟು ಹೊತ್ತು ವೈಫೈ ಆಫ್ ಮಾಡಿ. ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸಿಗೆ ಹಾಕಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸಿ. ಕೀಬೋರ್ಡು, ಮೌಸು, ಹಾರ್ಡ್ ಡಿಸ್ಕು ಎಲ್ಲ ತುರುಕಿದ, ಸ್ವಂತ ಪವರ್ ಇಲ್ಲದ ಹಬ್‌ಗೆ ಇಂಟರ್‌ಫೇಸ್ ಹಾಕಬೇಡಿ, ಲ್ಯಾಪ್‌ಟಾಪಿನ ಪೋರ್ಟಿಗೇ ನೇರ ಹಾಕಿ.

ಬೆಸ್ಕಾಂ ಕರೆಂಟ್ ತೆಗೆದಾಗ ಲ್ಯಾಪ್‌ಟಾಪ್ ಬ್ಯಾಟರಿಗೆ ಹಾರುತ್ತದೆ, ಅನೇಕ ಲ್ಯಾಪ್‌ಟಾಪುಗಳು ಆಗ ಪ್ರೊಸೆಸರಿನ ವೇಗವನ್ನು ತಗ್ಗಿಸುತ್ತವೆ. ಅಲ್ಲಿಯವರೆಗೆ 64ರಲ್ಲಿ ಸರಾಗವಾಗಿದ್ದದ್ದು ಆ ಕ್ಷಣದಿಂದ ಒಡೆಯುತ್ತದೆ. ಮಳೆಗಾಲದ ಸಂಜೆಗಳಲ್ಲಿ ರೆಕಾರ್ಡ್ ಮಾಡುವವರು ಬಫರನ್ನು ಒಂದು ಮೆಟ್ಟಿಲು ಮೇಲೆ ಇಟ್ಟಿರುವುದೇ ಒಳ್ಳೆಯದು.

ಇನ್ನೊಂದು ಗುಟ್ಟಿನ ಕಳ್ಳ ಪ್ಲಗ್‌ಇನ್. ಲೀನಿಯರ್ ಫೇಸ್ ಈಕ್ವಲೈಜರ್, ಮುಂದಿನದನ್ನು ನೋಡಿ ಹಿಡಿಯುವ ಲಿಮಿಟರ್, ಗದ್ದಲ ತೆಗೆಯುವ ಪ್ಲಗ್‌ಇನ್ ಇವೆಲ್ಲ ತಮ್ಮದೇ ತಡ ತರುತ್ತವೆ, ಕೆಲವು ಸಾವಿರಾರು ಸ್ಯಾಂಪಲ್. ಮಾಸ್ಟರಿನಲ್ಲಿ ಒಂದು ಇದ್ದರೂ ಇಡೀ ಮಾನಿಟರಿಂಗ್ ತಡವಾಗುತ್ತದೆ, ಬಫರ್ ಎಷ್ಟು ಇಳಿಸಿದರೂ ಪ್ರಯೋಜನವಿಲ್ಲ. ರೀಪರಿನ ಎಫ್‌ಎಕ್ಸ್ ಕಿಟಕಿಯ ಕೆಳಗೆ ಸ್ಯಾಂಪಲ್ ಲೆಕ್ಕ ಕಾಣುತ್ತದೆ. ಅಲ್ಲಿ ಸೊನ್ನೆ ಇಲ್ಲದ್ದನ್ನು ರೆಕಾರ್ಡ್ ಮುಗಿಯುವವರೆಗೆ ಬೈಪಾಸ್ ಮಾಡಿ, ಬೈಪಾಸಿನಲ್ಲೂ ತಡ ಉಳಿದರೆ ಆಫ್‌ಲೈನ್ ಮಾಡಿ.

ಹಾಗಾದರೆ ಯಾರಿಗೆ ಯಾವುದು

ಬಸವನಗುಡಿಯ ಮನೆಯಲ್ಲಿ ಕೂತು ಸುಗಮ ಸಂಗೀತ ಹಾಡಿ ಹಾಕುವವರಿಗೆ: ಡೈರೆಕ್ಟ್ ಮಾನಿಟರಿಂಗ್ ಇರುವ ಒಂದು ಮೈಕಿನ ಇಂಟರ್‌ಫೇಸ್, ಮೇಲೆ ಹೇಳಿದ ರಿವರ್ಬ್ ಉಪಾಯ. ಉಳಿದ ದುಡ್ಡನ್ನು ಮೈಕಿಗೆ, ಗೋಡೆಗೆ ದಪ್ಪ ಪರದೆಗೆ ಹಾಕಿ. ಕಂಡೆನ್ಸರ್ ಮೈಕ್ ತರುವುದಾದರೆ ಇಂಟರ್‌ಫೇಸಿನಲ್ಲಿ 48 ವೋಲ್ಟಿನ ಬಟನ್ ಇರಬೇಕು.

ಗಾಯನದ ಜೊತೆ ತಬಲ ಅಥವಾ ಮೃದಂಗ ಒಟ್ಟಿಗೇ ರೆಕಾರ್ಡ್ ಮಾಡುವವರಿಗೆ ಎರಡು ಮೈಕಿನ ಇನ್‌ಪುಟ್ ಬೇಕು, ಸೋಲೋ ಸಾಲದು. ಮೃದಂಗದ ಎರಡೂ ಮುಖಕ್ಕೆ ಮೈಕ್ ಇಟ್ಟು ಗಾಯನಕ್ಕೂ ಇಡುವುದಾದರೆ ಮೂರು ಆಯಿತು; ನಾಲ್ಕು ಮೈಕಿನ ಪ್ರೀಆಂಪ್ (ಮೈಕಿನ ಸಣ್ಣ ಸದ್ದನ್ನು ಹಿಗ್ಗಿಸುವ ಭಾಗ) ಇರುವುದನ್ನೇ ನೋಡಿ. ಹೆಸರಿನಲ್ಲಿ 4 ಅಂತ ಇದ್ದ ಮಾತ್ರಕ್ಕೆ ನಾಲ್ಕು ಮೈಕ್ ಹಿಡಿಸುವುದಿಲ್ಲ: ಸ್ಕಾರ್ಲೆಟ್ 4ಐ4, ಮೋಟು ಎಂ4 ಎರಡರಲ್ಲೂ ಮೈಕಿಗೆ ಇರುವುದು ಎರಡೇ, ಉಳಿದೆರಡು ಲೈನ್. ಲೇಟೆನ್ಸಿ ಇವರಿಗೆ ಲೆಕ್ಕಕ್ಕಿಲ್ಲ, ಲೂಪ್‌ಬ್ಯಾಕ್ ಪರೀಕ್ಷೆ ಮಾತ್ರ ತಪ್ಪಿಸಬಾರದು.

ಕೋರಮಂಗಲದ ಪಿಜಿಯಲ್ಲಿ ಆಂಪ್ ಇಟ್ಟು ಕೂಗಿಸಲಾಗದ ಗಿಟಾರಿಸ್ಟಿಗೆ: ವಿಂಡೋಸ್ ಇದ್ದರೆ ಮೋಟು ಎಂ2, ದುಡ್ಡು ಸಾಲದಿದ್ದರೆ ಸ್ಕಾರ್ಲೆಟ್ ಅಥವಾ 202ಎಚ್‌ಡಿ, ಮ್ಯಾಕ್ ಇದ್ದರೆ ಇವುಗಳಲ್ಲಿ ಅಗ್ಗದ್ದೂ ನಡೆಯುತ್ತದೆ. ಸ್ಪೀಕರ್ ಒಂದು ಮೀಟರ್ ದೂರವಿದ್ದರೆ 3 ಮಿಲಿಸೆಕೆಂಡ್ ಗಾಳಿಯಲ್ಲೇ ಹೋಗುತ್ತದೆ, ಹೆಡ್‌ಫೋನ್ ಹಾಕಿದರೆ ಅದು ಪುಕ್ಕಟೆ ಉಳಿತಾಯ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವವರು ಮಾದರಿಯ ಹೆಸರು ಕೇಳಿಕೊಂಡು, ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ವಿಂಡೋಸ್ ಅಥವಾ ಮ್ಯಾಕ್ ಆವೃತ್ತಿಗೆ ಡ್ರೈವರ್ ಇದೆಯೇ ಅಂತ ಹೊರಡುವ ಮೊದಲೇ ನೋಡಿ. ಫೈರ್‌ವೈರ್ ಪೋರ್ಟಿನವು ಎಷ್ಟು ಅಗ್ಗವಾಗಿ ಸಿಕ್ಕರೂ ಬೇಡ, ಈಗಿನ ಲ್ಯಾಪ್‌ಟಾಪುಗಳಲ್ಲಿ ಆ ಪೋರ್ಟೇ ಇಲ್ಲ. ನಿಮ್ಮ ಲ್ಯಾಪ್‌ಟಾಪ್, ಹೆಡ್‌ಫೋನ್, ಒಂದು ಮೈಕ್, ಆ ಟಿಆರ್‌ಎಸ್ ಕೇಬಲ್ ಜೊತೆಗಿರಲಿ. ಅಲ್ಲೇ ಡ್ರೈವರ್ ಹಾಕಿ, 128ರಲ್ಲಿ ಐದು ನಿಮಿಷ ಓಡಿಸಿ, 48 ವೋಲ್ಟ್ ಆನ್ ಮಾಡಿ ಎರಡೂ ಇನ್‌ಪುಟ್ ನೋಡಿ, ಹೆಡ್‌ಫೋನಿನ ಗುಂಡಿ ತಿರುಗಿಸುವಾಗ ಕರಕರ ಅನ್ನುತ್ತದೆಯೇ ಕೇಳಿ, ಯುಎಸ್‌ಬಿ ಪಿನ್ನನ್ನು ಮೆಲ್ಲಗೆ ಅಲುಗಿಸಿ ಸಂಪರ್ಕ ತಪ್ಪುತ್ತದೆಯೇ ನೋಡಿ. ಪಿನ್ ಸಡಿಲವಿದ್ದರೆ ಬೆಲೆ ಇಳಿಸುವ ಮಾತಿಗೆ ಹೋಗದೆ ಎದ್ದು ಬನ್ನಿ.